ಗಂಟಿನಲ್ಲಿ ಬಂದ ಅಂಗಿ

ಹಳೆಯ ಸೀರೆಯನ್ನು ಉದ್ದಕ್ಕೆ ಸೀಳುವಾಗ ಪರ್ರನೆ ಏಳುವ ಸಪ್ಪಳ ಕೇಳಿದರೆ ಇವತ್ತಿಗೂ ನಾನು ಥಟ್ಟನೆ ತಿರುಗಿ ನೋಡುತ್ತೇನೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಮಾನವಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನದ ಊಟ ಮುಗಿಯುತ್ತಲೇ ಆ ಸಪ್ಪಳ ಶುರುವಾಗುತ್ತಿತ್ತು. ಹಿತ್ತಲಾಚೆಯ ನಮ್ಮ ಅಕ್ಕಿ ಗಿರಣಿಯಿಂದ ತೌಡಿನ ಬೆಚ್ಚನೆಯ ವಾಸನೆ ಒಳಗೆಲ್ಲ ಹರಡಿರುತ್ತಿತ್ತು. ಓಣಿಯ ಹೆಂಗಸರು ಅಜ್ಜಿಯ ಸುತ್ತ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದರು. ಒಬ್ಬೊಬ್ಬರೂ ತೊಡೆಯ ಮೇಲಿಟ್ಟುಕೊಂಡು ಒಂದೊಂದು ಚೌಕ ಹೊಲಿದುಕೊಟ್ಟರೆ ಅಜ್ಜಿ ಅವನ್ನು ಕೂಡಿಸಿ ಅಂಚು ಕಟ್ಟುತ್ತಿದ್ದಳು. ಆ ಕೌದಿಗಳು ನಮಗಲ್ಲ. ರಾಯಚೂರಿನ ದವಾಖಾನೆಯಲ್ಲಿ ಹೊದೆಯಲು ಏನೂ ಇಲ್ಲದೆ ಮಲಗುವ ಬಡ ಬಾಣಂತಿಯರಿಗೆ. ಅದೇ ಊರಲ್ಲಿದ್ದ ನಮ್ಮ ಕಾಕಾ ಗುರುತಿನ ಮನೆಗಳಿಂದ ಹಳೆ ಬಟ್ಟೆ ಕೇಳಿ ತಂದು, ಗಂಟು ಕಟ್ಟಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಒಗೆದ ಬಟ್ಟೆಗಳಾದರೂ ಗಂಟು ಬಿಚ್ಚಿದೊಡನೆ ಬೇರೆಯವರ ಮನೆಗಳ ವಾಸನೆ ಮೂಗಿಗೆ ಬರುತ್ತಿತ್ತು. ನನಗದು ಬಹಳ ಇಷ್ಟ.

ಹೆಂಗಸರಲ್ಲಿ ಗಂಗವ್ವನೊಬ್ಬಳು ನಮ್ಮ ಮನೆಯವಳೇ ಆಗಿದ್ದಳು. ಹಿರೇಕೊಟ್ನೆಕಲ್‌ನ ಕುರಿ ಸಾಕುವ ಮನೆತನದವಳು. ಗಂಡ ಸತ್ತ ಮೇಲೆ ನಮ್ಮಲ್ಲಿ ಅಕ್ಕಿ ಹಸನು ಮಾಡಿಕೊಂಡು ಹಿತ್ತಲ ಖೋಲಿಯಲ್ಲಿ ಇರುತ್ತಿದ್ದಳು. ಅವಳಿಗಿದ್ದ ಒಬ್ಬನೇ ಮಗ ಮಲ್ಲೇಶಿ, ಕುರಿಗಳ ಹಿಂದೆ ತಿರುಗಲು ಒಲ್ಲೆನೆಂದು ಜಗಳ ತೆಗೆದು ರಾಯಚೂರಿಗೆ ದುಡಿಯಲು ಹೋಗಿದ್ದ. ಆಮೇಲೆ ಎರಡು ಮುಂಗಾರು ಕಳೆದರೂ ಸುದ್ದಿಯಿಲ್ಲ. ರಾಯಚೂರಿನಿಂದ ಯಾರೇ ಬರಲಿ, "ನಮ್ಮ ಮಲ್ಲೇಶಿ ಕಂಡನೇನ್ರಿ?" ಎಂದು ನಗುತ್ತಲೇ ಕೇಳುವಳು.

ಆ ದಿನ ಗಂಟು ಬಿಚ್ಚಿದವಳೂ ಅವಳೇ. ಮೇಲಿದ್ದ ಎರಡು ಸೀರೆ ತೆಗೆದಿಟ್ಟು, ನೀಲಿ ಗೆರೆಯ ಅಂಗಿಯೊಂದನ್ನು ಹರಿಯಲೆಂದು ಎರಡೂ ಕೈಯಲ್ಲಿ ಹಿಡಿದಳು. ಹಿಡಿದವಳು ಹಾಗೇ ಕೂತುಬಿಟ್ಟಳು. ಹೆಗಲ ಮೇಲೆ ಕರೀ ದಾರದ ತೇಪೆ ಇತ್ತು.

"ಇದು ನನ್ನ ಹೊಲಿಗಿ," ಎಂದಳು. "ಯವ್ವಾ, ಇದು ನಮ್ಮ ಮಲ್ಲೇಶಿ ಅಂಗಿ. ದೇವದುರ್ಗದ ಸಂತ್ಯಾಗ ಅರಿವಿ ತಂದಿದ್ದೆ. ಬಿಳೀ ದಾರ ಇರಲಿಲ್ಲಂತ ಕರೀದು ಹಾಕಿದ್ದೆ."

ಅಜ್ಜಿಯ ಕೈಯ ಸೂಜಿ ಎಲ್ಲಿ ಬಿತ್ತೋ. ನಾನು ಗೋಡೆಗೆ ಅಂಟಿ ನಿಂತಿದ್ದೆ. ಮೈಮೇಲಿಂದ ಅಂಗಿ ಬೇರೆಯಾಗಿ ಹೀಗೆ ಒಂದೇ ಬರಬಹುದು ಎಂಬುದೇ ನನ್ನ ತಲೆಗೆ ಹೋಗಲಿಲ್ಲ. "ಕೊಟ್ಟಿರಬೇಕು ಬಿಡು, ಹೊಸಾದು ತೊಗೊಂಡಿರಬೇಕು," ಎಂದು ಅಜ್ಜಿ ಕೊನೆಗೆ ಅಂದಳಾದರೂ ಗಂಟನ್ನು ಮತ್ತೆ ಕಟ್ಟಿ ಬದಿಗಿಟ್ಟಳು.

ಮರುದಿನ ಮುಂಜಾನೆಯ ರಾಯಚೂರು ಬಸ್ಸಿಗೆ ಅಜ್ಜಿ, ಗಂಗವ್ವ, ಹಟ ಹಿಡಿದ ನಾನು ಹೊರಟೆವು. ಗಂಗವ್ವ ಅಂಗಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಕಾಕಾ ಅಂಗಿ ನೋಡಿ, ಅದನ್ನು ಕೊಟ್ಟವರು ನೆನಪಾಗಿ, ನಮ್ಮನ್ನು ತೀನ್ ಕಂದೀಲ್ ವೃತ್ತದ ಕಡೆಯ ಸಣ್ಣ ಗಲ್ಲಿಯ ಮನೆಯೊಂದಕ್ಕೆ ಕರೆದುಕೊಂಡು ಹೋದ. ಖಾದರಬೀ ಎಂಬ ಮುದುಕಿ ಹೊರಬಂದು, ಅಂಗಿ ನೋಡಿ, ಗಂಗವ್ವನ ಮುಖ ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀನು ಅವನ ತಾಯೇನವಾ?"

ಅಷ್ಟರಲ್ಲೇ ನಮಗೆ ಎಲ್ಲ ತಿಳಿಯಿತು. ಹಮಾಲಿ ಮಾಡುತ್ತಿದ್ದ ಹುಡುಗ ಮೈಸುಡುವ ಜ್ವರದಲ್ಲಿ ಅವಳ ಮನೆಯ ಕಟ್ಟೆಯ ಮೇಲೆ ಬಂದು ಮಲಗಿದ್ದನಂತೆ. ಹಕೀಮರನ್ನು ಕರೆಸಿದರೂ ಉಳಿಯಲಿಲ್ಲ. ಗಲ್ಲಿಯ ಹಿಂದೂಗಳನ್ನು ಕರೆದು ಅವರ ಪದ್ಧತಿಯಂತೆಯೇ ಮಣ್ಣು ಮಾಡಿಸಿದ್ದಳು. "ಯಾವೂರು ಬೇಟಾ ಅಂತ ಎಷ್ಟು ಕೇಳಿದೆ. 'ನಮ್ಮವ್ವನ ಊರು' ಅಂದ, ಅಷ್ಟೇ. ಯಾರಾರ ಬಂದಾರು ಅಂತ ವರ್ಷ ಈ ಅಂಗಿ ಇಟ್ಟಿದ್ದೆ. ಬರಲಿಲ್ಲ. ಬಾಣಂತಿಗಾರ ಆಗ್ತದ ಅಂತ ಕೊಟ್ಟೆ."

ಗಂಗವ್ವ ಅಳಲಿಲ್ಲ. ಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರಿದಳು. "ಏನಾರ ಉಂಡಿದ್ದನೇನು?" ಎಂದಳು.

"ಗಂಜಿ ಕುಡಿಸಿದ್ದೆ ತಂಗಿ. ನನ್ನ ಕೈಯಾಗ ಕುಡದಾನ."

ಆಗ ಗಂಗವ್ವ ಆ ಕೈಯನ್ನು ಹಿಡಿದು ಹಣೆಗೊತ್ತಿಕೊಂಡು ಅತ್ತಳು. ಅಂಥ ಅಳುವನ್ನು ನಾನು ಮುಂದೆಂದೂ ಕೇಳಲಿಲ್ಲ.

ಕೌದಿ ಹೊಲಿಯುವುದು ನಮ್ಮ ಮನೆಯಲ್ಲಿ ಅಲ್ಲಿಗೇ ನಿಂತಿತು ಅಂದುಕೊಂಡಿದ್ದೆ. ಬಂದ ಗಂಟುಗಳು ಬಿಚ್ಚದೆ ಮೂಲೆಯಲ್ಲಿ ಬಿದ್ದಿದ್ದವು. ಚಳಿ ಶುರುವಾದಾಗ ಗಂಗವ್ವನೇ ಬಂದು ಕೂತು ಒಂದನ್ನು ಬಿಚ್ಚಿದಳು. ಎಳೆಗೂಸಿನ ಕೆಂಪು ಲಂಗವೊಂದು ಕೈಗೆ ಬಂತು. ಅದನ್ನು ತೊಡೆಯ ಮೇಲೆ ಹಾಸಿಕೊಂಡು, "ಇದು ಯಾರ ಕೂಸಿಂದು? ಆ ಕೂಸು ಆರಾಮ ಅದ ಏನು?" ಎಂದು ಕೇಳಿದಳು. ನಮಗಾರಿಗೂ ಗೊತ್ತಿರಲಿಲ್ಲ. ಅಜ್ಜಿ ರಾಯಚೂರಿಗೆ ಹೇಳಿ ಕಳಿಸಿದಳು. ಉತ್ತರ ಬರುವವರೆಗೆ ಲಂಗ ಗೂಟದ ಮೇಲೆ ತೂಗುತ್ತಿತ್ತು. ಕೊನೆಗೆ ಕಾಕಾ ತಾನೇ ಬಂದು ಹೇಳಿದ: "ಆರಾಮ ಅದ. ಬೆಳದಾಳ, ಲಂಗ ಸಣ್ಣದಾಗ್ಯಾದ, ಅಷ್ಟೇ."

ಗಿರಣಿ ಇಲ್ಲ, ಪಡಸಾಲೆ ಇಲ್ಲ, ಸೂಜಿ ಹಿಡಿದ ಆ ಕೈಗಳೂ ಈಗ ಇಲ್ಲ. ಕಾಕಾನ ಮಾತು ಕೇಳಿ ಗಂಗವ್ವ ಗೂಟದಿಂದ ಲಂಗ ಇಳಿಸಿಕೊಂಡದ್ದು, ಆಮೇಲೆ "ಬೆಳದಾಳಂತ" ಎಂದು ತನಗೆ ತಾನೇ ಹೇಳಿಕೊಂಡು ಕತ್ತರಿಗೆ ಕೈ ಚಾಚಿದ್ದು ಮಾತ್ರ ನನ್ನ ಕಣ್ಣಲ್ಲಿದೆ.