ಶಕ್ತಿನಗರದ ಸಂಜೆ ಬೀದರಿಗಿಂತ ಉದ್ದ

“ಎಂತ, ಇಷ್ಟು ಬೇಗ ದೀಪ? ಸೂರ್ಯ ಇನ್ನೂ ಕಂತಲೇ ಇಲ್ಲ!”

ಮಂಗಳೂರಿನ ಶಕ್ತಿನಗರದಲ್ಲಿ ನನ್ನ ಮೊದಲ ಡಿಸೆಂಬರ್ ಅದು. ಬೀದರಿನ ರೂಢಿಯಂತೆ ಗಡಿಯಾರ ನೋಡಿ ಸಂಜೆದೀಪ ಹಚ್ಚಿದ್ದೆ. ಕೆಳಗಿನ ಮನೆಯ ವಸಂತಿ ಅಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಕಿಟಕಿ ತೆರೆದೆ. ತೆಂಗಿನ ಮರಗಳ ಮೇಲೆ ಸೂರ್ಯ ಆರಾಮಾಗಿ ಕೂತಿದ್ದ.

ಬೈಕಂಪಾಡಿಯ ಸೋಲಾರ್ ಕಂಪನಿಯೊಂದರಲ್ಲಿ ಸೂರ್ಯನ ಜಾಗ ಲೆಕ್ಕ ಹಾಕುವುದೇ ನನ್ನ ಕೆಲಸ. ಅವಮಾನಕ್ಕೋ ಕುತೂಹಲಕ್ಕೋ, ಎರಡೂ ಊರುಗಳ ಅಕ್ಷಾಂಶ ಮತ್ತು ಸೂರ್ಯ ದಕ್ಷಿಣಕ್ಕೆ ಸರಿದ ಕೋನ ಹಿಡಿದು ರಾತ್ರಿಯ ಉದ್ದ ಅಳೆದೆ. ಮಂಗಳೂರು ದಕ್ಷಿಣಕ್ಕಿರುವುದರಿಂದ ಚಳಿಗಾಲದ ರಾತ್ರಿ ಇಲ್ಲಿ ಸುಮಾರು ಇಪ್ಪತ್ತು ನಿಮಿಷ ಗಿಡ್ಡ. ಪಶ್ಚಿಮಕ್ಕೂ ಇರುವುದರಿಂದ ಸೂರ್ಯ ಹುಟ್ಟುವುದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ; ಆ ಉಳಿಕೆಯೆಲ್ಲ ಸಂಜೆಗೇ ಸೇರುತ್ತದೆ. ಗುರುತಿನವರಿಲ್ಲದ ನನಗೆ ಆ ಉದ್ದದ ಸಂಜೆಗಳೇ ಭಾರವಾಗಿದ್ದವು. ಕುಚ್ಚಲಕ್ಕಿ ಅನ್ನದ ಮುಂದೆ ಕೂತು ಜೋಳದ ರೊಟ್ಟಿ ನೆನೆಯುತ್ತಿದ್ದೆ.

ವಸಂತಿ ಅಕ್ಕನಿಗೆ ನೋಡಲಾಗಲಿಲ್ಲ. “ಒಬ್ಬಳೇ ಕೂತು ಎಂತ ಮಾಡ್ತೀ? ಬಲ, ಥ್ರೋಬಾಲ್ ಆಡುವ.” ‘ಬಲ’ ಎಂದರೆ ತುಳುವಿನಲ್ಲಿ ‘ಬಾ’. ನಾನು ಕಲಿತ ಮೊದಲ ತುಳು ಪದ ಅದೇ.

ಮುಂದಿನ ಡಿಸೆಂಬರಿನಲ್ಲಿ ನಮ್ಮ ಓಣಿಯ ಹೆಂಗಸರ ತಂಡ ಶಕ್ತಿನಗರದ ಥ್ರೋಬಾಲ್ ಪಂದ್ಯಾಟದಲ್ಲಿ ಮೊದಲ ಸಲ ಫೈನಲ್ ಮುಟ್ಟಿತು. ಅತಿಥಿಗಳ ಭಾಷಣ ಮುಗಿಯದೆ ಆಟ ತಡವಾಯಿತು. ಒಂದೊಂದು ಸೆಟ್ ಗೆದ್ದು ಸಮವಾಗಿದ್ದಾಗ ಸೂರ್ಯ ಮುಳುಗಿದ. ಮೈದಾನಕ್ಕೆ ದೀಪವಿರಲಿಲ್ಲ. ಆಟ ನಿಂತರೆ ಕಪ್ ಹಿಂದಿನ ವರ್ಷ ಗೆದ್ದವರಿಗೇ, ಎಂದರೆ ನಮ್ಮ ಎದುರಾಳಿಗಳಿಗೇ, ಎಂಬುದು ನಿಯಮ.

“ಇನ್ನು ಬಾಲ್ ಕಾಣುವುದಿಲ್ಲ. ನಿಲ್ಲಿಸುವ,” ಎಂದರು ಅಂಪೈರ್.

“ಸ್ವಲ್ಪ ನಿಲ್ಲಿ ಮಾರಾಯ್ರೆ! ಇವಳಿಗೆ ಸೂರ್ಯನ ಲೆಕ್ಕ ಗೊತ್ತುಂಟು,” ಎಂದು ವಸಂತಿ ಅಕ್ಕ ನನ್ನನ್ನು ಮುಂದೆ ತಳ್ಳಿದರು.

ನಾನು ಪಡುವಣಕ್ಕೆ ಕೈ ತೋರಿಸಿದೆ. “ಮುಳುಗಿದ ಕೂಡ್ಲೆ ಕತ್ತಲಾಗಂಗಿಲ್ರಿ ಸರ್. ಸೂರ್ಯ ಆರು ಡಿಗ್ರಿ ಕೆಳಗ ಇಳಿಯೋತನ ಬೆಳಕಿರ್ತದ. ಇವತ್ತು ಇಪ್ಪತ್ತು ನಿಮಿಷದ ಮ್ಯಾಲೇ ಅದ. ಒಂದು ಸೆಟ್ ಆಗತದ್ರಿ.”

ಅಂಪೈರ್ ಆಕಾಶ ನೋಡಿದರು, ನನ್ನನ್ನು ನೋಡಿದರು. “ಬಾಲ್ ಕಾಣದಿದ್ದರೆ ಅಲ್ಲಿಗೇ ಬಂದ್,” ಎಂದು ಸೀಟಿ ಊದಿದರು.

ಆಡಿದೆವು. ಪಡುವಣದ ಕೆಂಪು ಕಂದಾಗಿ, ಕಂದು ಬೂದಿಯಾಯಿತು. ಚೆಂಡು ಮಾತ್ರ ಕಾಣುತ್ತಲೇ ಇತ್ತು. ಕೊನೆಯ ಎಸೆತ ನನ್ನದೇ. ಇಬ್ಬರು ಎದುರಾಳಿಗಳು ‘ನೀನು ಹಿಡಿ’ ಎಂಬಂತೆ ಒಬ್ಬರನ್ನೊಬ್ಬರು ನೋಡುತ್ತಿರುವಾಗ ಚೆಂಡು ನಡುವೆ ನೆಲ ಮುಟ್ಟಿತು. ವಸಂತಿ ಅಕ್ಕ ನನ್ನನ್ನು ಎತ್ತಿಯೇಬಿಟ್ಟರು. ಅಂಪೈರ್ ಹತ್ತಿರ ಬಂದು, “ಲೆಕ್ಕ ಸರಿ ಉಂಟು ಮಾರಾಯ್ತಿ,” ಎಂದು ಕೈಕುಲುಕಿದಾಗ ಮೇಲೆ ಒಂದೆರಡು ನಕ್ಷತ್ರ ಮೂಡಿದ್ದವು.

ಏದುಸಿರು ಇಳಿಯುವ ಮೊದಲೇ ಬೀದರಿಗೆ ಫೋನ್ ಮಾಡಿದೆ. “ಗೆದ್ದೆವು ಮಾರಾಯ್ತಿ!”

“ಯಾರಿಗಿ ಮಾರಾಯ್ತಿ ಅಂತಿ? ನಾ ನಿಮ್ಮವ್ವ ಇದ್ದೀನಿ,” ಎಂದು ಅವ್ವ ನಕ್ಕಳು. ಆಮೇಲೆ ಮೆಲ್ಲಗೆ, “ಊರಿಗಿ ಯಾವಾಗ ಬರ್ತಿ?” ಎಂದಳು.

‘ಯಾವ ಊರಿಗೆ?’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತ ಮೈದಾನದ ನಡುವೆ ಗೆಳತಿಯರು ಕಪ್ ಎತ್ತಿ ಹಿಡಿದು, ಫೋಟೋಕ್ಕೆ ಬರಲು ನನ್ನನ್ನು ಕೂಗುತ್ತಿದ್ದರು, ಅವರೇ ಇಟ್ಟ ಹೆಸರಿನಿಂದ: “ಬೀದರ್! ಓ ಬೀದರ್!”