ಶಾಂತಕ್ಕನ ಹೆಸರಿಗೆ ಬಂದ ಫಾರಂ

ವಿಮಲಕ್ಕನ ಬೆರಳುಗಳಿಗೆ ಅಚ್ಚೇ ಇರಲಿಲ್ಲ. ಹೈದರಾಬಾದಿನ ಕಾಚಿಗೂಡದ ನಮ್ಮ ಬ್ಯಾಂಕಿನಲ್ಲಿ ಬೆರಳಚ್ಚು ತೆಗೆಯುವ ಯಂತ್ರದ ಮೇಲೆ ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿದರೂ ಅದು ಕೆಂಪು ದೀಪ ಹಚ್ಚಿ ಒಲ್ಲೆ ಎನ್ನುತ್ತಿತ್ತು. ಕೈ ತೊಳೆಸಿದೆವು, ಒರೆಸಿದೆವು, ಚೂರು ಎಣ್ಣೆ ಸವರಿಸಿದೆವು. ಏನೂ ನಡೆಯಲಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮೀರಿ ನರ್ಸಾಗಿ ಸೋಪು, ಔಷಧದ ನೀರಿನಲ್ಲಿ ನೆನೆದು ಸವೆದ ಕೈ ಅದು. ಜೊತೆಗೆ ಬಂದಿದ್ದ ಅವರ ಅಕ್ಕ ಶಾಂತಕ್ಕನೂ ಅಲ್ಲಿಯೇ ನರ್ಸುಗಳ ಮೇಲ್ವಿಚಾರಕಿಯಾಗಿದ್ದವರು. ಅವರು ಬೆರಳಿಟ್ಟ ಕೂಡಲೇ ಹಸಿರು ದೀಪ ಬಂತು. ವಿಮಲಕ್ಕ ನನ್ನ ಕಡೆ ತಿರುಗಿ, “ನಾ ತೊಳದೆ ತಮ್ಮಾ, ಈಕಿ ನಿಂತು ತೊಳಸಿದಳು. ಯಂತ್ರಕ್ಕ ಸುದ್ದಾ ಗೊತ್ತಾತು ನೋಡು,” ಎಂದರು. ಶಾಂತಕ್ಕ ನಗಲಿಲ್ಲ. ತಂಗಿಯ ಮಾತಿಗೆ ನಗುವುದು ತನ್ನ ಹುದ್ದೆಗೆ ಕಡಿಮೆ ಎಂಬಂತೆ ಇರುತ್ತಿದ್ದರು ಅವರು.

ನಾನಾಗ ಆ ಶಾಖೆಯ ಮ್ಯಾನೇಜರ್. ಕಲಬುರಗಿಯವನು ಎಂದು ತಿಳಿದ ದಿನವೇ ವಿಮಲಕ್ಕ ನನ್ನನ್ನು ತಮ್ಮನಾಗಿ ಮಾಡಿಕೊಂಡರು, ನನ್ನ ಅಭಿಪ್ರಾಯ ಕೇಳಲಿಲ್ಲ. ಅಕ್ಕತಂಗಿಯರು ರಾಯಚೂರಿನವರು. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕ ಮೊದಲು ಇಂಗ್ಲೆಂಡಿಗೆ ಹೋಗಿ ತಂಗಿಯನ್ನು ಕರೆಸಿಕೊಂಡರು. ನಿವೃತ್ತಿಯಾದ ಮೇಲೆ ಇಬ್ಬರೂ ಬಂದು ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಮಹಡಿ ಮನೆ ಹಿಡಿದರು. ರೈಲು ಹತ್ತಿದರೆ ರಾಯಚೂರು, ಬೇಡವೆಂದರೆ ಹೈದರಾಬಾದಿನ ದವಾಖಾನೆಗಳು ಹತ್ತಿರ ಎಂಬ ಲೆಕ್ಕ. ಕೈಯಲ್ಲಿ ಇಂಗ್ಲೆಂಡಿನ ಪಾಸ್‌ಪೋರ್ಟು, ಇಲ್ಲಿ ಇರುವುದಕ್ಕೆ ಭಾರತ ಮೂಲದ ವಿದೇಶಿಯರಿಗೆ ಸರ್ಕಾರ ಕೊಡುವ ಕಾರ್ಡು. “ಹುಟ್ಟಿದ ದೇಶದಾಗ ಕಾರ್ಡ್ ತೋರಿಸಿ ಇರಬೇಕಾತು” ಎಂದು ವಿಮಲಕ್ಕ ಗೊಣಗುತ್ತಿದ್ದರೂ ಆ ಕಾರ್ಡನ್ನು ಬಂಗಾರಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು.

ಕಾಗದಪತ್ರದ ಮಟ್ಟಿಗೆ ವಿಮಲಕ್ಕನನ್ನು ಮೀರಿಸುವವರನ್ನು ನಾನು ಬ್ಯಾಂಕಿನಲ್ಲೂ ಕಂಡಿಲ್ಲ. ಶನಿವಾರ ಅವರ ಮನೆಯ ಪಡಸಾಲೆಯಲ್ಲಿ ಒಂದು ಕಚೇರಿಯೇ ನಡೆಯುತ್ತಿತ್ತು. ಪರದೇಶದಲ್ಲಿ ದುಡಿದು, ಪಿಂಚಣಿ ಅಲ್ಲಿಂದ ಬರುವ ವಯಸ್ಸಾದವರು ಬಂದು ಕೂರುತ್ತಿದ್ದರು, ತೆಲುಗಿನವರು, ಉರ್ದು ಮಾತಾಡುವವರು, ನಮ್ಮವರು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೆಯೇ ಬರೆಯಬೇಕು, ಕಪ್ಪು ಶಾಯಿಯಲ್ಲೇ ಬರೆಯಬೇಕು, ಇಲ್ಲಿಯ ಖಾತೆಗೆ ಮೊದಲ ಪಿಂಚಣಿ ಬಂದು ಬೀಳುವ ತನಕ ಅಲ್ಲಿಯ ಖಾತೆ ಮುಚ್ಚಬಾರದು, ಹಳೆಯ ಪಾಸ್‌ಪೋರ್ಟನ್ನು ಮೊಮ್ಮಕ್ಕಳ ಕೈಗೆ ಆಡಲು ಕೊಡಬಾರದು. ತಪ್ಪಿದವರಿಗೆ ಬೈಗುಳ, ಆಮೇಲೆ ಚಹಾ.

ಆ ಪಿಂಚಣಿಗಳಿಗೆಲ್ಲ ಒಂದು ಫಾರಂ ಇರುತ್ತದೆ. ಪಿಂಚಣಿದಾರ ಬದುಕಿದ್ದಾನೆಂದು ಅವನೂ ಸಹಿ ಮಾಡಬೇಕು, ಬಂಧುವಲ್ಲದ ಒಬ್ಬ ಜವಾಬ್ದಾರಿ ಮನುಷ್ಯ ಅವನನ್ನು ಕಣ್ಣಾರೆ ಕಂಡು ಸಾಕ್ಷಿ ಹಾಕಬೇಕು. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಪಿಂಚಣಿ ನಿಲ್ಲುತ್ತದೆ. ಉಪ್ಪಲ್ ಕಡೆಯ ಒಬ್ಬ ಮುದುಕ ಮನೆ ಬದಲಿಸಿದ್ದ, ಫಾರಂ ಹಳೆಯ ವಿಳಾಸಕ್ಕೆ ಹೋಗಿ ಎಲ್ಲೋ ಕಳೆಯಿತು. ಅವನು ಬದುಕಿದ್ದಾನೆಂದು ಒಪ್ಪಿಸಲು ವಿಮಲಕ್ಕ ಮಳೆಗಾಲವಿಡೀ ಪತ್ರ ಬರೆದರು, ಫೋನು ಹಿಡಿದು ಗಂಟೆಗಟ್ಟಲೆ ಕೂತರು. “ಕಾಗದದಾಗ ಸತ್ತವನ್ನ ಎಬ್ಬಿಸೂದು ಭಾಳ ತ್ರಾಸು. ಅದಕ್ಕ ಮೊದಲ ಸಾಯಾಕ ಬಿಡಬಾರದು” ಎನ್ನುವುದು ಅವರ ಮಾತು. ಅಕ್ಕತಂಗಿಯರಿಬ್ಬರ ಫಾರಮ್ಮಿಗೆ ಸಾಕ್ಷಿ ನಾನು. ಬ್ಯಾಂಕಿನ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ಸಹಿ ಅದೊಂದೇ ಇರಬೇಕು. ನೋಡದೆ ಹಾಕಬೇಡ ಎಂದು ನನಗೆ ಕಲಿಸಿದವರೂ ವಿಮಲಕ್ಕನೇ. ಒಮ್ಮೆ ಶಾಂತಕ್ಕ ಕಾಲುನೋವೆಂದು ಬರಲಾಗದಾಗ ಪರವಾಗಿಲ್ಲ ಕೊಡ್ರಿ ಎಂದದ್ದಕ್ಕೆ, ಎಲ್ಲರೆದುರಿಗೆ ನನ್ನನ್ನು ಬೈದು ಮನೆಯ ತನಕ ನಡೆಸಿಕೊಂಡು ಹೋಗಿದ್ದರು.

ಶಾಂತಕ್ಕ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಗಚ್ಚಿಬೌಲಿಯಿಂದ ಅವರ ಅಣ್ಣನ ಮಗ ಬಂದು ಕರ್ಮ ಮಾಡಿದ. ಹದಿಮೂರನೆಯ ದಿನ ನಾನೂ ಹೋಗಿ ಊಟ ಮಾಡಿ ಬಂದೆ. ವಿಮಲಕ್ಕ ಅಳಲಿಲ್ಲ, ಬಡಿಸುವವರಿಗೆ ತಪ್ಪು ಹೇಳುತ್ತ ಓಡಾಡಿದರು. ಇಂಗ್ಲೆಂಡಿಗೆ ತಿಳಿಸಿದಿರಾ ಎಂದು ಕೇಳಬೇಕೆಂದುಕೊಂಡೆ. ಇನ್ನೊಬ್ಬರಿಗೆ ಕಲಿಸುವವರಿಗೆ ನಾನೇನು ಹೇಳುವುದು ಎಂದು ಸುಮ್ಮನಾದೆ.

ಮೂರು ತಿಂಗಳಾಗಿರಬೇಕು. ವಿಮಲಕ್ಕ ಬ್ಯಾಂಕಿಗೆ ಬಂದು ಎರಡು ಫಾರಂ ಮುಂದಿಟ್ಟರು. ತಮ್ಮದಕ್ಕೆ ಸಹಿ ಮಾಡಿದ್ದರು. ಶಾಂತಕ್ಕನದೂ ಪೂರ್ತಿ ತುಂಬಿತ್ತು, ಸಹಿಯ ಜಾಗ ಮಾತ್ರ ಖಾಲಿ. ನಾನು ತಲೆಯೆತ್ತಿದೆ. ಅವರು ಸಹಜವಾಗಿ, ಅಕ್ಕನಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ, ಸಂಜೆ ಮನೆಗೆ ಬಾ ಎಂದರು. ಸುತ್ತ ಗಿರಾಕಿಗಳಿದ್ದರು. ಬರುತ್ತೇನೆ ಎಂದುಬಿಟ್ಟೆ.

ಹೋದೆ. ಒಳಕೋಣೆಯಲ್ಲಿ ಶಾಂತಕ್ಕನ ಮಂಚಕ್ಕೆ ಒಗೆದ ಚಾದರ ಹಾಸಿತ್ತು. ಪಕ್ಕದಲ್ಲಿ ಕನ್ನಡಕ, ಅರ್ಧ ಕುಡಿದ ನೀರಿನ ಲೋಟ. ದಿಂಬಿನ ಮೇಲೆ ಫಾರಂ, ಅದರ ಮೇಲೆ ಪೆನ್ನು. ವಿಮಲಕ್ಕ ಮಂಚದ ಕಡೆ ಬಾಗಿ, “ಅಕ್ಕಾ, ತಮ್ಮ ಬಂದಾನ,” ಎಂದರು. ಆ ಕೋಣೆಯಲ್ಲಿ ನಾವು ಮೂವರಿದ್ದೇವೆ ಎಂದು ನನಗೆ ಆ ಗಳಿಗೆಯಲ್ಲಿ ಖಂಡಿತವಾಗಿ ಅನಿಸಿತು, ಈಗಲೂ ಅದನ್ನು ಅಲ್ಲಗಳೆಯಲಾರೆ. ನನಗೆ ಹೆದರಿಕೆಯಾದದ್ದು ಸತ್ತವರದಲ್ಲ. ಎಲ್ಲಿ ಸಹಿ ಹಾಕಿಬಿಡುತ್ತೇನೋ ಎಂದು ಹೆದರಿದೆ.

ಇದು ತಪ್ಪಾಗುತ್ತದೆ, ಪಿಂಚಣಿ ಹಣ ವಾಪಸ್ ಕೇಳುತ್ತಾರೆ, ನಿಮ್ಮ ಮೇಲೂ ಬರುತ್ತದೆ ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು.

“ರೊಕ್ಕ ಯಾರಿಗೆ ಬೇಕು? ಬಂದದ್ದೆಲ್ಲ ಹಂಗ ಐತಿ, ನಾ ಮುಟ್ಟಿಲ್ಲ. ಆಕಿ ಹೆಸರಿಗೆ ಟಪಾಲ್ ಬರಲಿ, ಅಷ್ಟ. ವರ್ಷ ತುಂಬೂತನಕ ಆಕಿ ಮನ್ಯಾಗ ಇರ್ತಾಳ ಅಂತ ಆಚಾರ್ರು ಹೇಳ್ಯಾರ. ತಿಂಗಳ ತಿಂಗಳ ಆಕಿಗೆ ಎಡಿ ಇಡಾಕತ್ತೀನಿ. ಇಲ್ಲಿ ಎಡಿ ಇಟ್ಟು, ಅಲ್ಲಿ ಆಕಿ ಇಲ್ಲಂತ ಹೆಂಗ ಬರೀಲಿ?”

ನನ್ನ ತಾಯಿ ತೀರಿದಾಗ ನಾವೂ ವರ್ಷವಿಡೀ ಎಡೆ ಇಟ್ಟವರೇ. ಆದರೂ ನಾನು ಮ್ಯಾನೇಜರ್.

“ನನಗ ಅವರು ಕಾಣವಲ್ರು, ಅಕ್ಕಾ,” ಎಂದೆ.

ವಿಮಲಕ್ಕ ದಿಂಬಿನ ಮೇಲಿನ ಫಾರಂ ಎತ್ತಿಕೊಂಡು ಪಡಸಾಲೆಗೆ ಬಂದರು, ಪಿಂಚಣಿ ಕಚೇರಿಗೆ ಬರೆಯಲು ಬಿಳಿ ಹಾಳೆ ತೆಗೆದರು. ಶಾಂತಕ್ಕ ತೀರಿಕೊಂಡ ದಿನವನ್ನು ಕಪ್ಪು ಶಾಯಿಯಲ್ಲಿ, ಬಿಡಿ ಬಿಡಿ ದೊಡ್ಡ ಅಕ್ಷರಗಳಲ್ಲಿ ಬರೆದರು. ಕೆಳಗೆ ಸಹಿ ಹಾಕಿ ನನ್ನ ಕಡೆ ಸರಿಸಿ, “ತಪ್ಪೇನರ ಐತೇನು ನೋಡ್ರಿ, ಸಾಹೇಬ್ರ,” ಎಂದರು.

ಅಂದಿನಿಂದ ನಾನು ತಮ್ಮನಾಗಿ ಉಳಿಯಲಿಲ್ಲ. ಜಗಳವಿಲ್ಲ, ಕೋಪವಿಲ್ಲ, ಬ್ಯಾಂಕಿಗೆ ಬಂದರೆ ನಮಸ್ಕಾರ ಮಾಡುತ್ತಿದ್ದರು. ‘ನೀ’ ಹೋಗಿ ‘ನೀವು’ ಬಂತು. ಶನಿವಾರದ ಕಚೇರಿ ನಿಂತಿತು, ಬಂದವರಿಗೆ ಬಾಗಿಲು ತೆಗೆಯುವುದಿಲ್ಲ ಎಂದು ಕೇಳಿದೆ. ಬೈಸಿಕೊಳ್ಳಲಿಕ್ಕಾದರೂ ಒಮ್ಮೆ ಹೋಗಬೇಕು ಎಂದು ಎಷ್ಟೋ ಸಂಜೆ ಗಲ್ಲಿಯ ತಿರುವಿನವರೆಗೆ ಹೋಗಿ, ಆ ಮಹಡಿಯ ಕಿಟಕಿ ನೋಡಿ ಹಿಂದಿರುಗಿದ್ದೇನೆ. ನಾನು ಮಾಡಿದ್ದು ಸರಿ. ಸರಿ ಮಾಡಿ ಇಷ್ಟು ವರ್ಷ ನಿದ್ದೆ ಕೆಡಿಸಿಕೊಂಡವನು ನನ್ನ ಹಾಗೆ ಇನ್ನೊಬ್ಬನಿದ್ದರೆ ಅವನನ್ನು ಕಾಣುವ ಆಸೆ ನನಗೆ.

ಮುಂದೆ ವಿಮಲಕ್ಕನೂ ತೀರಿಕೊಂಡರು. ನನಗೆ ತಿಳಿದದ್ದು ತಡವಾಗಿ, ಅಷ್ಟರಲ್ಲಿ ಆ ಮನೆಗೆ ಬೇರೆ ಬಾಡಿಗೆದಾರರು ಬಂದಿದ್ದರು. ಕೊನೆಯ ಸಲ ಅವರನ್ನು ನೋಡಿದ್ದು ಅದಕ್ಕೂ ಕೆಲವು ತಿಂಗಳ ಮೊದಲು, ಮತ್ತೆ ಫಾರಂ ಬಂದಾಗ. ಈ ಸಲ ಒಂದೇ. ಎದುರಿನ ಕುರ್ಚಿಯಲ್ಲಿ ಕೂತರು. ತಲೆ ಬಾಚಿರಲಿಲ್ಲ, ರವಿಕೆ ಮೈಮೇಲೆ ನಿಲ್ಲದಷ್ಟು ಸೊರಗಿದ್ದರು. ನಾನು ಪೆನ್ನು ತೆಗೆದೆ.

“ಸರಿಯಾಗಿ ನೋಡ್ರಿ,” ಎಂದರು. “ನೀವು ನೋಡದ ಸಹಿ ಮಾಡಂಗಿಲ್ಲ.”

ನೋಡಿದೆ. ಅವರ ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ನಾನೇ ಮೊದಲು ಕಣ್ಣು ತಗ್ಗಿಸಿದೆ. ಈ ವ್ಯಕ್ತಿ ನನ್ನೆದುರು ಹಾಜರಿದ್ದಾರೆ, ಬದುಕಿದ್ದಾರೆ ಎಂಬ ಸಾಲಿನ ಕೆಳಗೆ ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟೆ. ವಿಮಲಕ್ಕ ಆ ಸಾಲಿನ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಓದಿದರು. ಫಾರಂ ಮಡಚಿ ಚೀಲದಲ್ಲಿಟ್ಟುಕೊಂಡು ಎದ್ದು ನಿಂತರು.

“ಅಕ್ಕಂದು ಖರೇ ಬರಸಿದ್ರಿ, ಸಾಹೇಬ್ರ. ನಂದು ಸುಳ್ಳು ಬರದ್ರಿ.”