ಲೆಂಪಿ ಎರಡು ರ‍್ಯಾಮು ಹಾಕಿದ ದಿನ

ನಮ್ಮೂರು ಥಂಡರ್ ಬೇಯಲ್ಲಿ ಚಳಿ ಮೈನಸ್ ನಲವತ್ತರ ಹತ್ತಿರ ಇಳಿದರೆ ಶಾಲೆಯ ಬಸ್ಸು ಹೊರಡುವುದಿಲ್ಲ. ಬೆಳಿಗ್ಗೆ ಆರಕ್ಕೆ ರೇಡಿಯೋದವರು ಅದನ್ನು ಸಾರುತ್ತಾರೆ. ಊರಿನ ಮಕ್ಕಳೆಲ್ಲ ಮತ್ತೆ ಹೊದ್ದು ಮಲಗುವ ಹೊತ್ತಿಗೆ ನಮ್ಮ ಪಕ್ಕದ ಮನೆಯ ಲೆಂಪಿ ಹಾರ್ಯುಲಾ ಎರಡು ಜೊತೆ ಕಾಲುಚೀಲ ಏರಿಸಿ ಗ್ಯಾರೇಜಿನ ಬಾಗಿಲು ಎತ್ತುತ್ತಾಳೆ. ಇಪ್ಪತ್ತಾರು ವರ್ಷದಿಂದ ಹಳದಿ ಬಸ್ಸು ಓಡಿಸುತ್ತಿರುವ ಹೆಂಗಸು ಅವಳು. ಬಸ್ಸಿಗೆ ರಜೆಯೆಂದರೆ ಅವಳ ಕಂಪ್ಯೂಟರಿಗೆ ಕೆಲಸ.

ಕಂಪನಿಯವರು ಇಷ್ಟೇ ವೇಗದಲ್ಲಿ ಓಡಲಿ ಎಂದು ಕಳಿಸಿದ ಕಂಪ್ಯೂಟರನ್ನು ಅದಕ್ಕೂ ಮೀರಿ ಓಡಿಸುವ ಹುಚ್ಚಿಗೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಓಡಿದಷ್ಟೂ ಅದು ಕಾಯುತ್ತದೆ, ತೀರಾ ಕಾದರೆ ಕೈಕೊಡುತ್ತದೆ. ಬೇರೆ ಊರಿನವರು ದುಡ್ಡು ಕೊಟ್ಟು ತಂಪು ತರಿಸಿಕೊಳ್ಳುತ್ತಾರೆ. ನಮಗೆ ಬಾಗಿಲು ಎತ್ತಿದರೆ ಸಾಕು.

ನಮ್ಮ ಊರಿನ ಈ ಹುಚ್ಚರ ಸಂಘದಲ್ಲಿ ಹತ್ತು ಹನ್ನೆರಡು ಜನ. ವರ್ಷಕ್ಕೊಮ್ಮೆ ಮೂವರ ತಂಡ ಪ್ರಾಂತ್ಯದ ಪಂದ್ಯಕ್ಕೆ ಹೋಗುತ್ತದೆ. ಲೆಂಪಿ ಕಳೆದ ಒಂಬತ್ತು ವರ್ಷವೂ ನಾಲ್ಕನೆಯವಳು. ಯಾರಿಗಾದರೂ ಜ್ವರ ಬಂದೀತು ಎಂದು ಜೊತೆಗೆ ಹೋಗುವುದು, ಯಾರಿಗೂ ಬಾರದೆ ಎಲ್ಲರ ಕೋಟು ಕಾಯ್ದು ಬರುವುದು. ಈ ವರ್ಷ ಎರಡು ಜಾಗ ತುಂಬಿ ಮೂರನೆಯದು ಖಾಲಿ ಇತ್ತು. ಅದಕ್ಕೆ ಉಳಿದವರು ಇಬ್ಬರೇ. ಒಬ್ಬಳು ಲೆಂಪಿ, ಇನ್ನೊಬ್ಬ ಕಾಗದದ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದ ಓರೆಸ್ಟ್ ಪೆಟ್ರಿಶಿನ್.

ಪರೀಕ್ಷೆ ಸರಳ. ಪೈ ಸಂಖ್ಯೆಯನ್ನು ಮೂರು ಕೋಟಿಗೂ ಹೆಚ್ಚು ಅಂಕಿಯವರೆಗೆ ಕಂಪ್ಯೂಟರು ಲೆಕ್ಕ ಹಾಕಬೇಕು. ಒಟ್ಟು ಇಪ್ಪತ್ನಾಲ್ಕು ಸುತ್ತು. ನಡುವೆ ನಿಂತರೆ ಆ ಓಟ ಲೆಕ್ಕಕ್ಕಿಲ್ಲ. ಓರೆಸ್ಟ್ ಐದು ನಿಮಿಷ ಐವತ್ತೆಂಟು ಸೆಕೆಂಡಿನಲ್ಲಿ ಮುಗಿಸಿದ್ದ, ಲೆಂಪಿ ಆರು ನಿಮಿಷ ಒಂದು ಸೆಕೆಂಡಿನಲ್ಲಿ. ಗಡುವು ಶುಕ್ರವಾರ ಸಂಜೆ ಐದು. ಆ ಶುಕ್ರವಾರವೇ ರೇಡಿಯೋ ಬಸ್ಸಿಲ್ಲ ಎಂದಿತು.

ಎದುರಾಳಿಯೇ ಸಾಕ್ಷಿಯಾಗಿ ಕೂರಬೇಕೆಂಬುದು ಸಂಘದ ಕಟ್ಟಳೆ. ಒಂಬತ್ತಕ್ಕೆ ಸರಿಯಾಗಿ ಓರೆಸ್ಟ್ ದಪ್ಪ ಕೋಟು ಹಾಕಿಕೊಂಡು, ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನಿನ ಪೆಟ್ಟಿಗೆ ಹಿಡಿದು ಬಂದ. ಟಾರ್ಚು ಹಿಡಿಯಲು ಒಬ್ಬ ಬೇಕೆಂದು ನಾನೂ ಹೋದೆ.

ಇಬ್ಬರೂ ಅಲ್ಲಿಯವರೆಗೆ ಓಟ ಮುಗಿಸಿದ್ದು ಒಂದೇ ರ‍್ಯಾಮಿನಲ್ಲಿ, ಎಂದರೆ ಕಂಪ್ಯೂಟರಿನ ನೆನಪಿನ ಒಂದೇ ಪಟ್ಟಿಯಲ್ಲಿ. ಒಂದು ಪಟ್ಟಿಯಿದ್ದರೆ ಪ್ರೊಸೆಸರಿಗೆ ಹೊರೆ ಕಡಿಮೆ, ಓಟ ಕೊನೆಮುಟ್ಟುತ್ತದೆ. ಎರಡಿದ್ದರೆ ಲೆಕ್ಕದ ಸರಕು ಎರಡು ಬಾಗಿಲಿಂದ ಒಳಗೆ ಬರುತ್ತದೆ, ಕೆಲಸ ಬೇಗ ಸಾಗುತ್ತದೆ. ಆದರೆ ಹೊರೆ ಹೆಚ್ಚಾಗಿ ನಡುವೆಯೇ ಕುಸಿಯುತ್ತದೆ.

ಲೆಂಪಿ ಮೊದಲು ಒಂದನ್ನೇ ಹಾಕಿ ಓಡಿಸಿದಳು. ಐದು ನಿಮಿಷ ಐವತ್ತೊಂಬತ್ತು. ಒಂದು ಸೆಕೆಂಡಿಗೆ ಸೋಲು.

"ಇನ್ನೊಂದು ಸಲ ಓಡ್ಸು ಲೆಂಪಿ, ಎರಡು ಸೆಕೆಂಡು ಎಲ್ಲಾದ್ರೂ ಸಿಗುತ್ತೆ" ಎಂದೆ ನಾನು.

"ಸಿಗಲ್ಲ ಗಿಲ್. ಇದ್ರಲ್ಲಿದ್ದಿದ್ದೆಲ್ಲಾ ಹಿಂಡಿಯಾಯ್ತು. ಎರಡು ಹಾಕ್ತೀನಿ."

ಓರೆಸ್ಟ್ ಬನ್ನು ಕಚ್ಚುತ್ತಾ ನಕ್ಕ. "ಹಾಕಮ್ಮಾ ಹಾಕು. ನಾನೂ ಹೋದ ವಾರ ಹಾಕಿ ನೋಡ್ದೆ. ಹತ್ತನೇ ಸುತ್ತಿಗೆ ಸ್ಕ್ರೀನ್ ನೀಲಿ. ನನ್ನ ಮುಖಾನೂ ನೀಲಿ."

"ನಿನ್ನ ಮುಖ ಚಳಿಗೆ ನೀಲಿಯಾಗಿದ್ದು ಕಣೋ, ಅದಕ್ಕೆ ರ‍್ಯಾಮನ್ನ ಯಾಕೆ ಬಯ್ತೀಯ?"

ಅವಳ ಹತ್ತಿರ ಎಂಟು ಪಟ್ಟಿಗಳಿದ್ದವು. ಒಂದೊಂದನ್ನೂ ಬೇರೆಬೇರೆಯಾಗಿ ಓಡಿಸಿ ನೋಡಿ, ವೇಗದ ಪ್ರಕಾರ ಉಗುರುಬಣ್ಣದಲ್ಲಿ ಒಂದರಿಂದ ಎಂಟರವರೆಗೆ ನಂಬರು ಬರೆದಿದ್ದಳು. ನಮ್ಮಲ್ಲಿ ಎಲ್ಲರೂ ಹೀಗೆಯೇ ಮಾಡುವುದು. ಎರಡು ಬೇಕಾದರೆ ಒಂದನೆಯದನ್ನೂ ಎರಡನೆಯದನ್ನೂ ಎತ್ತಿಕೊಳ್ಳುವುದು. ಅದರಲ್ಲಿ ತಪ್ಪಿದೆ ಎಂದು ನನಗಂತೂ ಎಂದೂ ಹೊಳೆದಿರಲಿಲ್ಲ.

ಒಂದು ಮತ್ತು ಎರಡನ್ನು ಹಾಕಿದಳು. ಹದಿನೆಂಟನೆಯ ಸುತ್ತಿನಲ್ಲಿ ನಿಂತಿತು. ಮತ್ತೆ ಓಡಿಸಿದಳು. ಮತ್ತೆ ಹದಿನೆಂಟು.

ಲೆಂಪಿ ಕೈಗವಸು ಕಳಚಿ, ಬೆರಳಿಗೆ ಉಸಿರೂದಿಕೊಂಡು, ಎಂಟು ಪಟ್ಟಿಗಳನ್ನೂ ಮೇಜಿನ ಮೇಲೆ ಹರವಿದಳು.

"ಬಸ್ಸಲ್ಲಿ ಇದನ್ನೇ ಅಲ್ವಾ ನಾನು ದಿನಾ ನೋಡೋದು? ಕ್ಲಾಸಿಗೆ ಫಸ್ಟು ಬರೋನನ್ನೂ ಸೆಕೆಂಡು ಬರೋನನ್ನೂ ಒಂದೇ ಸೀಟಲ್ಲಿ ಕೂರಿಸಿದ್ರೆ ಮುಂದಿನ ಸ್ಟಾಪಿನೊಳಗೆ ಒಬ್ಬನ ಟೋಪಿ ಕಿಟಕಿಯಾಚೆ. ಯಾರ ಪಕ್ಕ ಯಾರು ಸುಮ್ನೆ ಕೂರ್ತಾರೆ ಅಂತ ಕೂರಿಸಿ ನೋಡಿದ್ಮೇಲೇ ಗೊತ್ತಾಗೋದು."

"ಅದಕ್ಕೀಗ?" ಎಂದೆ.

"ಅದಕ್ಕೀಗ ಎಲ್ಲಾ ಜೋಡೀನೂ ಕೂರಿಸಿ ನೋಡ್ತೀನಿ."

ಓರೆಸ್ಟ್ ಬೆರಳು ಮಡಿಚಿದ. "ಎಂಟರಲ್ಲಿ ಇಪ್ಪತ್ತೆಂಟು ಜೋಡಿ ಆಗುತ್ತೆ ಕಣೇ. ಬಿಚ್ಚಿ, ಹಾಕಿ, ಓಡಿಸೋಕೆ ಜೋಡಿಗೆ ಇಪ್ಪತ್ತು ನಿಮಿಷ. ಒಂಬತ್ತು ಗಂಟೆ ಬೇಕು. ನಿಂಗಿರೋದು ಏಳು."

"ಹಾಗಾದ್ರೆ ನೀನು ಮಾತು ಕಮ್ಮಿ ಮಾಡು."

ಶುರುವಾಯಿತು. ಒಂದರ ಜೊತೆ ಮೂರು, ಒಂದರ ಜೊತೆ ನಾಲ್ಕು. ಕೆಲವು ಐದನೆಯ ಸುತ್ತಿಗೇ ನಿಂತವು, ಕೆಲವಕ್ಕೆ ಕಂಪ್ಯೂಟರು ಕಣ್ಣೇ ಬಿಡಲಿಲ್ಲ. ಅವಳು ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯುವಳು, ಬಿಚ್ಚುವಳು, ಮುಂದಿನದನ್ನು ಒತ್ತಿ ಕೂರಿಸುವಳು. ಕೈಗವಸು ಹಾಕಿಕೊಂಡು ಆ ಕೆಲಸ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಒಳಗೆ ಹೋಗಿ ಕೈ ಕಾಸಿಕೊಂಡು ಬಾ ಎಂದರೆ, ಕಾದ ಕೈಗೆ ಪಸೆ ಬರುತ್ತದೆ, ಆ ಪಸೆ ಪಟ್ಟಿಗೆ ತಾಗಿದರೆ ಕೆಟ್ಟಿತು ಎಂದು ಒಲ್ಲೆ ಎಂದಳು.

ಮೂರು ಗಂಟೆಗೆ ಹಲಗೆಯ ಮೇಲೆ ಹದಿಮೂರು ಅಡ್ಡಗೆರೆ. ಒಂದನೆಯದರ ಪಾಳಿಯೂ ಎರಡನೆಯದರ ಪಾಳಿಯೂ ಮುಗಿದಿದ್ದವು.

ಓರೆಸ್ಟ್ ಈಗ ತಮಾಷೆ ಬಿಟ್ಟಿದ್ದ. "ಲೆಂಪಿ, ನಿಜವಾಗಿ ಹೇಳ್ತೀನಿ. ಒಂದನ್ನೇ ಹಾಕಿ ಉಳಿದ ಹೊತ್ತೆಲ್ಲಾ ಅದನ್ನೇ ಓಡ್ಸು. ಆರು ಸಲ ಓಡಿಸಿದ್ರೆ ಒಂದ್ಸಲ ನನ್ನ ದಾಟಿದ್ರೂ ದಾಟ್ತೀಯ. ನಾನೇ ಹೇಳ್ತಿದೀನಿ ನೋಡು."

ಲೆಂಪಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ದಾಟಬಹುದು. ಆಮೇಲೆ? ಅಲ್ಲಿ ಪಂದ್ಯದಲ್ಲಿ ಎಲ್ರೂ ಎರಡು ಹಾಕ್ಕೊಂಡು ಬರ್ತಾರೆ. ಒಂದು ಹಾಕ್ಕೊಂಡು ಹೋಗಿ ಹಿಂದೆ ಉಳಿಯೋಕಾದ್ರೆ ನೀನೇ ಹೋಗು, ಕೋಟು ನಾನೇ ಕಾಯ್ತೀನಿ."

ಅವಳು ಮೂರನೆಯದನ್ನು ಎತ್ತಿಕೊಂಡಳು. ಮೂರು ನಾಲ್ಕು ನಿಂತಿತು. ಮೂರು ಐದು ನಿಂತಿತು. ಮೂರು ಆರು ಇಪ್ಪತ್ತೆರಡರವರೆಗೆ ಹೋಗಿ ನಿಂತಿತು. ನಾನು ಹೊರಗೆ ಹೋಗಿ ಹಿಮದ ಮೇಲೆ ನಿಂತು ಬಂದೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೂರರ ಪಕ್ಕ ಏಳನ್ನು ಕೂರಿಸಿದಳು.

"ಏಳನ್ನಾ? ಅದನ್ನ ನಾನಾಗಿದ್ರೆ ಎಸೀತಿದ್ದೆ" ಎಂದ ಓರೆಸ್ಟ್.

"ನೀನು ಎಸೀತಿದ್ದೆ, ಗೊತ್ತು."

ಹತ್ತನೆಯ ಸುತ್ತು ದಾಟಿತು. ಹದಿನೆಂಟು ದಾಟಿತು. ಇಪ್ಪತ್ತರಲ್ಲಿ ಓರೆಸ್ಟ್ ಎದ್ದ. ಅರ್ಧಕ್ಕೆ ಇಳಿಬಿಟ್ಟಿದ್ದ ಬಾಗಿಲನ್ನು ತಾನೇ ಪೂರ್ತಿ ಎತ್ತಿದ. ಬೀದಿಯ ಚಳಿಯೆಲ್ಲ ಒಳಗೆ ನುಗ್ಗಿತು. ಯಾರೂ ಅವನನ್ನು ಕೇಳಿರಲಿಲ್ಲ. ಇಪ್ಪತ್ತೆರಡು. ಇಪ್ಪತ್ಮೂರು. ಇಪ್ಪತ್ನಾಲ್ಕು.

ಐದು ನಿಮಿಷ ನಲವತ್ತೊಂಬತ್ತು ಸೆಕೆಂಡು.

ಓರೆಸ್ಟ್ ಸ್ಕ್ರೀನಿನ ಹತ್ತಿರ ಬಗ್ಗಿ ಎರಡು ಸಲ ಓದಿದ. ಫೋಟೋ ತೆಗೆದ. ಸಂಘದ ಕಾಗದ ಬಿಡಿಸಿ, ಸಾಕ್ಷಿಯ ಜಾಗದಲ್ಲಿ ತನ್ನ ಸಹಿ ಹಾಕಿ, ಅದನ್ನು ಅವಳ ಮುಂದೆ ಸರಿಸಿದ. "ತಂಡದಲ್ಲಿ ಮೂರನೆಯವರು ಅಂತಿದೆಯಲ್ಲ, ಅಲ್ಲಿ ಹೆಸರು ಬರಿ."

ಲೆಂಪಿ ಪೆನ್ನು ತೆಗೆದುಕೊಂಡಳು. ಮರಗಟ್ಟಿದ ಬೆರಳಲ್ಲಿ ಅದು ನಿಲ್ಲಲಿಲ್ಲ, ಜಾರಿ ಮೇಜಿನ ಕೆಳಗೆ ಉರುಳಿತು. ಓರೆಸ್ಟ್ ಬಗ್ಗಿ ಹೆಕ್ಕಿದ.

"ಕೊಡಿಲ್ಲಿ ಕಾಗದಾನ, ನಾನೇ ಬರೀತೀನಿ. ಕೈ ನೋಡು ಹೇಗಾಗಿದೆ."

"ಬೇಡ. ನಾನೇ ಬರೀತೀನಿ. ಕೂತ್ಕೋ."

ಅವಳು ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಳು. ಐದಕ್ಕೆ ಇನ್ನೂ ಮುಕ್ಕಾಲು ಗಂಟೆಯ ಹತ್ತಿರ ಇತ್ತು. ಓರೆಸ್ಟ್ ಪೆನ್ನು ಹಿಡಿದುಕೊಂಡು, ಅವಳ ಬೆರಳಿಗೆ ಜೀವ ಬರುವವರೆಗೆ ಕಾದು ಕುಳಿತ.